ತೊಲೆಯಿಲ್ಲದ ಛತ್ತು

ಗೆಳೆಯರೇ, ಇವತ್ತು ಭಂಕೂರಿನ ನಮ್ಮ ಹೊಸ ಪಡಸಾಲೆಯ ಕಾಂಕ್ರೀಟ್ ಛತ್ತಿಗೆ ಕೊಟ್ಟಿದ್ದ ಆಸರೆ ಕಟ್ಟಿಗೆಗಳನ್ನು ತೆಗೆದರು. ಊರಿಗೇ ಇದು ಮೊದಲನೆಯದು. ನಮ್ಮತ್ತೆ ಹೊಸ್ತಿಲು ದಾಟಲಿಲ್ಲ.

"ತೊಲಿ ಇಲ್ಲ, ಕಂಬ ಇಲ್ಲ. ಇದನ್ನ ಯಾರ್ ಹಿಡ್ಕೊಂಡಾರ?"

ನಿಜಾಮ ಸರ್ಕಾರದ ಕಟ್ಟಡಗಳಲ್ಲಿ ಪಳಗಿದ ಗೌಂಡಿ ಖಾಸಿಂಸಾಬರು, "ಒಳಗ ಕಬ್ಬಿಣದ ಸಳಿ ಅದಾವ್ರಿ ಅಮ್ಮಾ" ಎಂದರು.

"ಒಂದೂ ಕಾಣವಲ್ದಲ್ಲ!"

"ಕಾಣಬಾರದ್ರಿ. ಗಾಳಿ, ನೀರು ತಾಗಿದ್ರ ಜಂಗು-ತುಕ್ಕು ಹಿಡಿದು ಛತ್ತ ಒಡೀತದ. ಅದಕ್ಕ ಸಳಿ ಕೆಳಗೂ ಬೆರಳು ದಪ್ಪ ಕಾಂಕ್ರೀಟ್ ಹೊಚ್ಚೀವಿ."

ಹೀಗೆಂದವರು ತಾವೇ ನಡುವೆ ನಿಂತು ಕೊನೆಯ ಆಸರೆಯನ್ನು ಬಡಿದು ಬೀಳಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಒಂದು ಹರಳೂ ಉದುರಲಿಲ್ಲ.

ಅತ್ತೆ ತಲೆಮೇಲೆ ಸೆರಗೆಳೆದುಕೊಂಡು ಮೆಲ್ಲಗೆ ಒಳಬಂದರು. ಬಹಳ ಹೊತ್ತು ಮೇಲೆ ನೋಡಿ ಕೈಮುಗಿದರು. "ಅಬಬಬಾ, ಮುಗಿಲ್ ನಿಂತಂಗ ನಿಂತದಲ್ಲ!"

ಊಟ ಮಾತ್ರ ಇವತ್ತು ಅಂಗಳದಲ್ಲೇ ಬಡಿಸಬೇಕಂತೆ.