ನಾನೂರ ಅರವತ್ತು ಸೇರಿಸುತ್ತಿದ್ದ ಮೇಸ್ತ್ರಿ

ಹೋದ ಭಾನುವಾರ ಶಿವಾಜಿನಗರದಲ್ಲಿ ಮಾತ್ರೆ ತೆಗೆದುಕೊಂಡು, ರಸೆಲ್ ಮಾರುಕಟ್ಟೆಯ ಆಚೆಯ ಗುಜರಿ ಅಂಗಡಿಗಳ ಮುಂದೆ ನಡೆದು ಬರುತ್ತಿದ್ದೆ. ಈಗ ನನಗೆ ನಡೆಯುವುದೆಂದರೆ ನಾಲ್ಕು ಕಡೆ ನಿಲ್ಲುವುದು. ಹಾಗೆ ನಿಂತ ಕಡೆ, ಹಳೆಯ ಫ್ಯಾನಿನ ರೆಕ್ಕೆಗಳ ನಡುವೆ, ಊಟದ ತಟ್ಟೆಯಷ್ಟು ಅಗಲದ ಒಂದು ಡಯಲ್ ಬಿದ್ದಿತ್ತು. ಕಪ್ಪು ಕಟ್ಟು, ಹಳದಿಗಟ್ಟಿದ ಮುಖ, ಸೂಜಿಯ ಕೆಳಗೆ ಇಂಗ್ಲಿಷಿನ ಎಫ್ ಅಕ್ಷರ. ಎತ್ತಿ ಮೂಗಿನ ಹತ್ತಿರ ಹಿಡಿದೆ. ಸುಟ್ಟ ಎಣ್ಣೆಯ ವಾಸನೆ ಇನ್ನೂ ಇತ್ತು, ಅಥವಾ ಇದ್ದಂತೆ ನನಗನ್ನಿಸಿತು...

"ಅದು ಗಡಿಯಾರ ಅಲ್ಲ ಚಾಚಾ, ಟೈಮ್ ತೋರ್ಸಲ್ಲ" ಎಂದ ಅಂಗಡಿಯವನು.

"ಗೊತ್ತಪ್ಪಾ" ಎಂದೆ. ಮನೆಗೆ ತಂದೆ.

ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ, ಉಕ್ಕಿನ ಭಾಗಗಳನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ವಿಭಾಗದಲ್ಲಿ ನಾನು ಮೂವತ್ತು ವರ್ಷದ ಮೇಲೆ ದುಡಿದೆ. ನಾನು ಸೇರಿದಾಗ ಅಲ್ಲಿನ ಕುಲುಮೆಗೆ ಒಬ್ಬರು ಮೇಸ್ತ್ರಿ ಇದ್ದರು. ಹಲಸೂರಿನವರು, ಮನೆಮಾತು ತಮಿಳು, ಓದಿದ್ದು ನಾಲ್ಕನೇ ಕ್ಲಾಸು. ಕುಲುಮೆಯ ಬಾಗಿಲ ಕಿಂಡಿಯಲ್ಲಿ ಒಂದು ಕ್ಷಣ ಇಣುಕಿ, ಕಾದ ಉಕ್ಕಿನ ಬಣ್ಣ ನೋಡಿಯೇ ಶಾಖ ಎಷ್ಟೆಂದು ಹೇಳುತ್ತಿದ್ದರು. ಆಮೇಲೆ ನಾವು ಡಯಲ್ ನೋಡಿದರೆ ಸೂಜಿ ಅದರ ಆಸುಪಾಸಿನಲ್ಲೇ ಇರುತ್ತಿತ್ತು.

ಆ ಕುಲುಮೆ ಹೊರದೇಶದ್ದು. ಅದರ ಡಯಲ್ ತೋರಿಸುತ್ತಿದ್ದದ್ದು ಫ್ಯಾರನ್‌ಹೀಟ್. ಲ್ಯಾಬಿನವರಿಗೆ ರಿಜಿಸ್ಟರಿನಲ್ಲಿ ಕೆಲ್ವಿನ್ ಬೇಕಿತ್ತು. ಆದ್ದರಿಂದ ಗಂಟೆಗೊಮ್ಮೆ ಸೂಜಿ ನೋಡಿ, ಲೆಕ್ಕ ಹಾಕಿ ಬರೆಯುವ ಕೆಲಸವೊಂದಿತ್ತು. ಅದನ್ನು ಮೇಸ್ತ್ರಿಯೇ ಮಾಡುತ್ತಿದ್ದರು. ಕಿಟಕಿಯ ಪಕ್ಕ ಒಂದು ಮೇಜು, ಒಂದು ಫ್ಯಾನು, ಎಣ್ಣೆ ಹೊಗೆ ಅಲ್ಲಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಕೈ ತೊಳೆದು ಒರೆಸಿಕೊಳ್ಳದೆ ಅವರು ಆ ರಿಜಿಸ್ಟರ್ ಮುಟ್ಟಿದ್ದನ್ನು ನಾನು ನೋಡಿಲ್ಲ. ಪೆನ್ಸಿಲನ್ನು ಬ್ಲೇಡಿನಲ್ಲಿ ಹೆರೆದು, ಅಂಕಿಗಳನ್ನು ಪೋಣಿಸಿದಂತೆ ಬರೆಯುತ್ತಿದ್ದರು.

ಅವರ ಲೆಕ್ಕ ಮಾತ್ರ ವಿಚಿತ್ರವಾಗಿತ್ತು. ಡಯಲ್‌ನಲ್ಲಿ ಎಷ್ಟಿದೆಯೋ ಅದಕ್ಕೆ ನಾನೂರ ಅರವತ್ತು ಸೇರಿಸಿ, ಒಂಬತ್ತರಿಂದ ಭಾಗಿಸಿ, ಐದರಿಂದ ಗುಣಿಸುತ್ತಿದ್ದರು. ಸಾವಿರದ ಐನೂರ ಇಪ್ಪತ್ತಿದ್ದರೆ ಸಾವಿರದ ಒಂಬೈನೂರ ಎಂಬತ್ತಾಯಿತು, ಅದರಿಂದ ಸಾವಿರದ ನೂರು ಕೆಲ್ವಿನ್. ಅಷ್ಟೇ. ಮೂವತ್ತೆರಡೂ ಇಲ್ಲ, ಇನ್ನೂರ ಎಪ್ಪತ್ತಮೂರೂ ಇಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಆ ವಿಭಾಗದಲ್ಲಿ ಕೂಲಿಗಳ ನಡುವೆ ಅದೊಂದು ಕಿರೀಟ. ಶಾಲೆಯ ಸೂತ್ರ ನನಗೆ ನೆನಪಿತ್ತು, ಅಂದರೆ ನೆನಪಿದೆ ಎಂದುಕೊಂಡಿದ್ದೆ: ಐದರಿಂದ ಗುಣಿಸು, ಒಂಬತ್ತರಿಂದ ಭಾಗಿಸು, ಮೂವತ್ತೆರಡು ಕಳೆ, ಇನ್ನೂರ ಎಪ್ಪತ್ತಮೂರು ಸೇರಿಸು. ನನ್ನ ಲೆಕ್ಕಕ್ಕೆ ಅದೇ ಶಾಖ ಸಾವಿರದ ಎಂಬತ್ತೈದು ಬರುತ್ತಿತ್ತು. ಕೆಲಸಕ್ಕೆ ಸೇರಿ ಹಲವು ವರ್ಷಗಳಾದ ಮೇಲೆ, ಒಂದು ವಾರ ಕದ್ದು ಕದ್ದು ರಿಜಿಸ್ಟರ್ ಪರೀಕ್ಷಿಸಿದೆ. ಪ್ರತಿ ಸಾಲಿನಲ್ಲೂ ಹದಿನಾಲ್ಕೋ ಹದಿನೈದೋ ಹೆಚ್ಚು. ಪ್ರತಿ ಸಾಲಿನಲ್ಲೂ. ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರನ್ನೇ ಕರೆದು ಕೇಳಬಹುದಿತ್ತು. ಊಟದ ಹೊತ್ತಿನಲ್ಲಿ ತಮ್ಮ ಡಬ್ಬಿಯ ಪುಳಿಯೋಗರೆಯನ್ನು ನನ್ನ ಮುಚ್ಚಳಕ್ಕೆ ಹಾಕುತ್ತಿದ್ದವರು ಅವರು. ನಾನು ನೇರವಾಗಿ ಆಫೀಸರ ಹತ್ತಿರ ಹೋದೆ.

ಆಫೀಸರು ಹೊಸಬರು, ಅವತ್ತು ಅವಸರದಲ್ಲಿದ್ದರು. ಮೇಸ್ತ್ರಿಯನ್ನು ಕರೆಸಿದರು.

"ಏನ್ರೀ ಇದು ನಾನೂರ ಅರವತ್ತು? ಯಾರು ಹೇಳ್ಕೊಟ್ಟಿದ್ದು?"

"ಮುಂಚೆ ಇದ್ದ ದೊಡ್ಡ ಸಾಹೇಬ್ರು ಸಾರ್. ಎಲ್ಲಾ ಅದ್ರಲ್ಲೇ ಬರುತ್ತೆ ಅಂದಿದ್ರು."

"ಯಾಕೆ ಅಂತ ಹೇಳಿದ್ರಾ?"

ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿದರು. ಲೆಕ್ಕ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಆಫೀಸರು ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು. "ಓದಿರೋನು ಬರೀಲಿ ಬಿಡಿ. ನೀವು ಎಣ್ಣೆ ತೊಟ್ಟಿ ಹತ್ರ ನೋಡ್ಕೊಳ್ಳಿ."

ಹೊರಗೆ ಬಂದ ಮೇಲೆ ಅವರು ಬೈಯಲಿಲ್ಲ. ಕಿವಿಯ ಮೇಲಿಟ್ಟಿದ್ದ ಪೆನ್ಸಿಲನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಪರ್ವಾಗಿಲ್ಲ ತಂಬಿ. ನಿನ್ ಲೆಕ್ಕಕ್ಕೆ ಒಂದ್ಸಲ ಕುದಿಯೋ ನೀರು ಹಾಕಿ ನೋಡು." ಸೋತವನ ಕೊಂಕು ಎಂದುಕೊಂಡೆ.

ನಿವೃತ್ತಿಗೆ ಅವರಿಗೆ ಇನ್ನು ಎರಡು ವರ್ಷವಿತ್ತು. ಆ ಎರಡು ವರ್ಷವೂ ತೊಟ್ಟಿಯ ಪಕ್ಕದಲ್ಲಿ ಕಳೆಯಿತು. ಕೆಂಪಗೆ ಕಾದ ಉಕ್ಕು ಎಣ್ಣೆಗೆ ಬಿದ್ದಾಗ ಏಳುವ ಹೊಗೆ ನೇರ ಮುಖಕ್ಕೆ ಬರುತ್ತದೆ. ಅವರು ಕೆಮ್ಮುತ್ತಿದ್ದರು. ಕೆಮ್ಮು ಮೊದಲೂ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಇತ್ತೋ ಇಲ್ಲವೋ... ಈಗ ನಿಜವಾಗಿಯೂ ನೆನಪಿಲ್ಲ.

ಒಂದು ವರ್ಷ ನಾನು ಫ್ಯಾನಿನ ಕೆಳಗೆ ಕೂತು ತಪ್ಪು ಬರೆದೆ. ಆಫೀಸರು ರುಜು ಹಾಕಿದರು. ಲ್ಯಾಬಿನವರು ರಿಜಿಸ್ಟರನ್ನು ಬೀರುವಿನಲ್ಲಿ ಇಟ್ಟರು. ಕುಲುಮೆ ಡಯಲ್ ನೋಡಿ ನಡೆಯುತ್ತಿದ್ದದ್ದರಿಂದ ಉಕ್ಕಿಗೇನೂ ಆಗಲಿಲ್ಲ.

ಆಮೇಲೆ ಒಂದು ಸಂಜೆ ನನ್ನ ಮಗಳು ಶಾಲೆಯ ಲೆಕ್ಕ ಮಾಡುತ್ತಿದ್ದಳು. ನೀರು ಕುದಿಯುವುದು ಇನ್ನೂರ ಹನ್ನೆರಡು ಫ್ಯಾರನ್‌ಹೀಟ್, ಕೆಲ್ವಿನ್‌ಗೆ ತನ್ನಿ ಎಂದಿತ್ತು. ಇದು ನನ್ನ ದಿನದ ಕೆಲಸ ಎಂದು ಜಂಬದಿಂದ ಮಾಡಿಕೊಟ್ಟೆ. ಮುನ್ನೂರ ಐವತ್ತೊಂಬತ್ತು ಬಂತು. ಅವಳು ಪುಸ್ತಕದ ಕೊನೆಯ ಪುಟ ತೆಗೆದು ನೋಡಿ ನಕ್ಕಳು.

"ಅಪ್ಪಾ, ಮುನ್ನೂರ ಎಪ್ಪತ್ತಮೂರು ಬರ್ಬೇಕು. ಮೊದ್ಲು ಮೂವತ್ತೆರಡು ಕಳೀಬೇಕು, ಆಮೇಲೆ ಗುಣಿಸ್ಬೇಕು. ನೀವು ಉಲ್ಟಾ ಮಾಡಿದೀರ."

ಹದಿನಾಲ್ಕು ಕಡಿಮೆ. ಅವಳು ಒಳಗೆ ಹೋದ ಮೇಲೆ ಇನ್ನೂರ ಹನ್ನೆರಡಕ್ಕೆ ನಾನೂರ ಅರವತ್ತು ಸೇರಿಸಿದೆ. ಒಂಬತ್ತರಿಂದ ಭಾಗಿಸಿ ಐದರಿಂದ ಗುಣಿಸಿದೆ. ಮುನ್ನೂರ ಎಪ್ಪತ್ತಮೂರು. ಕಳೆಯುವುದು ಸೇರಿಸುವುದು ಎರಡನ್ನೂ ಒಂದೇ ಸಂಖ್ಯೆಯಲ್ಲಿ ಅಡಗಿಸಿಟ್ಟ ಹತ್ತಿರದ ದಾರಿ ಅದು.

ಮರುದಿನ ಆಫೀಸರ ಬಾಗಿಲವರೆಗೆ ಹೋಗಿದ್ದೆ. ಹೇಳಿದರೆ ಮೇಜು ಹೋಗುತ್ತದೆ, ತೊಟ್ಟಿಯ ಪಕ್ಕ ನಾನು ನಿಲ್ಲಬೇಕಾಗುತ್ತದೆ. ವಾಪಸ್ ಬಂದೆ. ಅಂದಿನಿಂದ ಸರಿಯಾಗಿ ಬರೆಯತೊಡಗಿದೆ, ಅಷ್ಟೇ. ಯಾರಿಗೂ ಗೊತ್ತಾಗಲಿಲ್ಲ, ಒಬ್ಬರ ಹೊರತು. ಕೆಲವು ದಿನಗಳ ನಂತರ ಮೇಸ್ತ್ರಿ ನೀರು ಕುಡಿಯಲು ಆ ಕಡೆ ಬಂದವರು ಮೇಜಿನ ಹತ್ತಿರ ನಿಂತರು. ಎಣ್ಣೆಯ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ರಿಜಿಸ್ಟರಿಗೆ ಬಗ್ಗಿದರು. ಡಯಲ್ ನೋಡಿದರು. ಮತ್ತೆ ರಿಜಿಸ್ಟರ್ ನೋಡಿದರು.

"ನೀರು ಕುದೀತಾ ತಂಬಿ?" ಎಂದರು.

ನಾನು ತಲೆ ಎತ್ತಲಿಲ್ಲ. ಅವರು ಸ್ವಲ್ಪ ಹೊತ್ತು ಕಾದರು. ಆ ಸ್ವಲ್ಪ ಹೊತ್ತನ್ನು ನಾನು ಇವತ್ತಿಗೂ ದಾಟಿಲ್ಲ. ಆಮೇಲೆ ಕೆಮ್ಮುತ್ತಾ ತೊಟ್ಟಿಯ ಕಡೆ ನಡೆದರು.

ಅವರ ಬೀಳ್ಕೊಡುಗೆಯ ದಿನ ಹಾರ ಹಾಕಿದವರಲ್ಲಿ ನಾನೂ ಒಬ್ಬ. ನನಗೆ ನಿವೃತ್ತಿಯಾದ ಮೇಲೆ ಒಮ್ಮೆ ಧೈರ್ಯ ಮಾಡಿ ಹಲಸೂರಿನ ಅವರ ಮನೆ ಹುಡುಕಿಕೊಂಡು ಹೋದೆ. ಗೋಡೆಯ ಮೇಲೆ ಅವರ ಫೋಟೋ ಇತ್ತು, ಹಾರವಿತ್ತು. ಹೆಂಡತಿ ಕಾಫಿ ಕೊಟ್ಟರು. "ನಿಮ್ಮನ್ನ ನೆನೆಸ್ಕೋತಿದ್ರು, ಒಳ್ಳೆ ಲೆಕ್ಕದ ಹುಡುಗ ಅಂತ" ಎಂದರು. ನಾನು ಮಾಡಿದ್ದನ್ನು ಅವರು ತಮ್ಮ ಮನೆಯಲ್ಲೂ ಹೇಳಿರಲಿಲ್ಲ. ನಾನೂ ಹೇಳದೆ ಎದ್ದು ಬಂದೆ.

ಡಯಲ್ ಈಗ ಮೇಜಿನ ಮೇಲಿದೆ. ಇದು ನಮ್ಮ ಕುಲುಮೆಯದೇ ಎಂದು ಹೇಳಲಾರೆ. ಸೂಜಿ ಎಂಬತ್ತರಲ್ಲಿ ನಿಂತುಬಿಟ್ಟಿದೆ. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಅವರ ದಾರಿಯಲ್ಲೇ ಬರೆದೆ: ನಾನೂರ ಅರವತ್ತು ಸೇರಿಸಿ ಐನೂರ ನಲವತ್ತು, ಒಂಬತ್ತರಿಂದ ಅರವತ್ತು, ಐದರಿಂದ ಮುನ್ನೂರು. ಅಂಕಿಗಳು ಅವರ ಅಂಕಿಗಳಂತೆ ಬರಲಿಲ್ಲ. ಕುದೀತು ಅಣ್ಣಾ, ಅವತ್ತೇ ಕುದೀತು ಎಂದು ಬಾಯಿಬಿಟ್ಟು ಹೇಳಿದೆ. ಒಳಗಿನಿಂದ ಮಗಳು, ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂದು ಕೇಳಿದಳು...