ಅಳದ ಕೂಸು

ಆಗೆಲ್ಲ ನಮ್ಮ ಹಿರೋಳ್ಳಿಯಲ್ಲಿ ಕೂಸು ಹುಟ್ಟಿದ ಮನೆ ಯಾವುದೆಂದು ಯಾರನ್ನೂ ಕೇಳಬೇಕಿರಲಿಲ್ಲ, ಮೂಗೇ ಕರೆದೊಯ್ಯುತ್ತಿತ್ತು. ಕೆಂಡದ ಮೇಲೆ ಉದುರಿಸಿದ ಲೋಬಾನದ ಹೊಗೆ, ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಸಿದ ಎಣ್ಣೆ, ಬಾಣಂತಿಯ ಉಂಡೆಗೆಂದು ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ. ನಾನು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ, ಶ್ರಾವಣದಲ್ಲಿ, ಆ ವಾಸನೆ ನಮ್ಮ ಮನೆಯಿಂದಲೇ ಹೊರಟಿತು. ಒಂಬತ್ತು ವರ್ಷ ಒಬ್ಬಳೇ ಇದ್ದ ನನಗೆ ತಂಗಿ ಬಂದಿದ್ದಳು. ಹುಟ್ಟಿದ ತಿಂಗಳಿಗೆ ತಕ್ಕ ಹಾಗೆ ಶ್ರಾವಣಿ ಎಂದು ಹೆಸರಿಟ್ಟರು.

ಕೂಸಿಗೆ ಎಣ್ಣೆ ತಿಕ್ಕಿ ಎರೆಯುವ ಕೆಲಸ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಕಾಲು ಚಾಚಿ ಕೂತು, ಮೊಣಕಾಲ ನಡುವೆ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದಳು. ಬಿಸಿನೀರು ತೋಡಿ ಕೊಡುವುದು, ಎರೆದಾದ ಮೇಲೆ ತಲೆ ಒರೆಸುವುದು ನನ್ನ ಪಾಲಿಗೆ. ಓಣಿಯ ಬೇರೆ ಕೂಸುಗಳು ಎರೆಯುವಾಗ ಊರು ಎದ್ದು ಬರುವಂತೆ ಚೀರುತ್ತಿದ್ದವು. ಶ್ರಾವಣಿ ಮಾತ್ರ ಕಣ್ಣು ಅರ್ಧ ತೆರೆದು ಹಾಗೇ ಮಲಗಿರುತ್ತಿದ್ದಳು.

"ನಮ್ಮ ಕೂಸ ಅಳಾಂಗೇ ಇಲ್ಲ ನೋಡ್ರಿ. ಭಾಳ ಶಾಣ್ಯಾ ಅದ," ಎಂದು ಆಯಿ ಬಂದವರಿಗೆಲ್ಲ ಹೇಳುತ್ತಿದ್ದಳು. ನನಗೂ ಅದು ಹೆಮ್ಮೆಯೇ. ಕುಂಟಾಬಿಲ್ಲಿ ಆಡುವಾಗ ಗೆಳತಿಯರ ಮುಂದೆ ನಾನೂ ಅದನ್ನೇ ಹೇಳಿಕೊಂಡೆ.

ದಸರಾ ಬರುವ ಹೊತ್ತಿಗೆ ಕೂಸು ಇನ್ನಷ್ಟು ಶಾಂತವಾಯಿತು. ಎರಡು ಗುಟುಕು ಹಾಲು ಕುಡಿದು ನಿದ್ದೆ ಹೋಗುತ್ತಿತ್ತು. ಅಪರೂಪಕ್ಕೆ ಅತ್ತರೆ ಗಂಟಲು ಕಟ್ಟಿದ ಮುದುಕಿಯ ದನಿ. ಕೈಕಾಲು ತಣ್ಣಗೆ, ಹೊಟ್ಟೆ ಮಾತ್ರ ದಿನದಿನಕ್ಕೆ ಉಬ್ಬುತ್ತಿತ್ತು. ಮೈಮೇಲೆ ಅಲ್ಲಲ್ಲಿ ಗುಲಗಂಜಿಯಂಥ ಕೆಂಪು ಚುಕ್ಕೆಗಳಿದ್ದವು. ದೃಷ್ಟಿ ತಾಗಿದೆ ಎಂದು ಆಯಿ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಘಾಟಿಗೆ ನಾವೆಲ್ಲ ಕೆಮ್ಮಿದೆವು, ಕೂಸು ಕೆಮ್ಮಲಿಲ್ಲ.

ಲಸಿಕೆಯ ಲೆಕ್ಕ ನೋಡಲು ಬಂದ ಊರಿನ ಆಶಾ ಕಾರ್ಯಕರ್ತೆ ಶಾಂತಕ್ಕ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೈಕಾಲು, ಹೊಟ್ಟೆ ಸವರಿದಳು. ಆಮೇಲೆ ಅಂಗಾಲಿಗೆ ಬೆರಳಿನಿಂದ ಟಕ್ಕನೆ ಹೊಡೆದು ನೋಡಿದಳು. ಅಳಲಿಲ್ಲ.

"ವೈನಿ, ಇದು ಶಾಣ್ಯಾತನ ಅಲ್ರಿ," ಎಂದಳು ಅವ್ವನಿಗೆ. "ನಾಳೆ ಅಂತ ಅನಬ್ಯಾಡ್ರಿ. ಇವತ್ತೇ ಕಲಬುರ್ಗಿಗಿ ಹೋಗ್ರಿ. ನಾನೂ ಬರ್ತೇನಿ."

ಅಪ್ಪ ಬಾಡಿಗೆ ಟೆಂಪೊ ಓಡಿಸುತ್ತಿದ್ದ. ಆಳಂದಕ್ಕೆ ಒಯ್ಯಬೇಕಿದ್ದ ಉದ್ದಿನ ಚೀಲಗಳನ್ನು ಮಾತಿಲ್ಲದೆ ಇಳಿಸಿ ನಮ್ಮನ್ನು ಹತ್ತಿಸಿಕೊಂಡ. ಬಟ್ಟೆಯ ಗಂಟು ಹಿಡಿಯಲು ನಾನೂ ಹೋದೆ.

ಅಲ್ಲಿನ ಆಸ್ಪತ್ರೆಯ ಲೇಡಿ ಡಾಕ್ಟರನ್ನು ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಸಣ್ಣ ಮೈಕಟ್ಟಿನವರು, ದನಿ ಇನ್ನೂ ಸಣ್ಣದು. ಕೂಸನ್ನು ನೋಡಿ ಮೊದಲು ಕೇಳಿದ್ದು, "ಇಂಥ ಕೆಂಪು ಚುಕ್ಕಿ ಎಷ್ಟ ಅದಾವ?"

"ನಾಕ್ರಿ," ಎಂದಳು ಅವ್ವ.

"ಏಳ ಅದಾವ," ಎಂದೆ ನಾನು. ದಿನಾ ತಲೆ ಒರೆಸುವವಳು ನಾನಲ್ಲವೇ. ಕೂದಲೊಳಗೆ ಎರಡು, ಬಲಗಿವಿಯ ಹಿಂದೆ ಒಂದು. ಡಾಕ್ಟರ್ ಬಾಯಿ ಕೂದಲು ಸರಿಸಿ ನೋಡಿದರು. ನನ್ನ ಮುಖ ನೋಡಿ, "ಛಲೋ ಹೇಳ್ದಿ," ಎಂದು, ಅಂಗೈಯನ್ನು ಕೂಸಿನ ಹೊಟ್ಟೆಯ ಬಲಮಗ್ಗುಲಿಗೆ ಇಟ್ಟರು. ಅವರ ಮುಖ ಬದಲಾಯಿತು. ರಕ್ತ ತೆಗೆದರು. ಹೊಟ್ಟೆಗೆ ತಣ್ಣನೆಯ ಲೋಳೆ ಹಚ್ಚಿ ಸ್ಕ್ಯಾನ್ ಮಾಡಿದರು.

ಸಂಜೆ ಅಪ್ಪನನ್ನೂ ಅವ್ವನನ್ನೂ ಕೂರಿಸಿಕೊಂಡು ಹೇಳಿದರು, "ಮೈಮ್ಯಾಲ ಇದ್ದಂಥವೇ ಲಿವರಿನ್ಯಾಗೂ ಅದಾವ. ರಕ್ತನಾಳದ ಗಂಟು. ಭಾಳ ಅದಾವ."

"ಕ್ಯಾನ್ಸರೇನ್ರಿ?" ಎಂದು ಅಪ್ಪ ಕೇಳಿದ.

"ಅಲ್ರಿ. ಕ್ಯಾನ್ಸರ್ ಅಲ್ಲ. ಆದ್ರ ಕೂಸು ಬೆಳ್ಯಾಕ, ಮೆದುಳು ಬೆಳ್ಯಾಕ ಥೈರಾಯ್ಡಿನ ರಸ ಬೇಕು. ಇವಳ ಗ್ರಂಥಿ ಅದನ್ನ ಮಾಡಾಕತ್ತದ. ಆ ಗಂಟುಗಳು ಅದನ್ನ ನಾಶ ಮಾಡಾಕತ್ತಾವ. ಕೊಡಕ್ಕ ತೂತು ಬಿದ್ದದ ಅಂತ ತಿಳ್ಕೊರ್ರಿ. ತೂತು ಮುಚ್ಚೋತನಕ ನಾವು ಮ್ಯಾಲಿಂದ ಹೆಚ್ಚಿಗಿ ಸುರೀತಿರಬೇಕು."

ಹಾಗೆ ಎರಡು ಔಷಧಿಗಳು ನಮ್ಮ ಬದುಕಿಗೆ ಬಂದವು. ಸುರಿಯುವುದಕ್ಕೊಂದು, ಗಂಟು ಕರಗಿಸುವುದಕ್ಕೊಂದು. ಮೊದಲ ದಿನಗಳಲ್ಲಿ ಕೂಸನ್ನು ವಾರ್ಡಿನಲ್ಲೇ ಇಟ್ಟುಕೊಂಡು, ಎದೆಬಡಿತ ಎಣಿಸುತ್ತ, ರಕ್ತದ ಸಕ್ಕರೆ ನೋಡುತ್ತ ಎರಡನೆಯದನ್ನು ಸ್ವಲ್ಪಸ್ವಲ್ಪವೇ ಏರಿಸಿದರು. ಮನೆಗೆ ಕಳಿಸುವ ದಿನ ಅಲ್ಲಿನ ನರ್ಸಕ್ಕ ಅವ್ವನಿಗೆ ಹೇಳಿಕೊಟ್ಟದ್ದನ್ನೇ ನನ್ನಿಂದಲೂ ಒಪ್ಪಿಸಿಕೊಂಡಳು.

"ಮೊದಲನೇದು?"

"ಥೈರಾಯ್ಡ್ ಗುಳಿಗಿ. ಅರದು, ಚಮಚೆಯಾಗ ಅವ್ವನ ಹಾಲಿನ್ಯಾಗ ಕಲಸಿ, ಮುಂಜಾನೆ ಮೊಲಿಗಿ ಹಾಕೋ ಮುಂಚೆ."

"ಎರಡನೇದು?"

"ಸೂಜಿ ಇಲ್ಲದ ಪಿಚಕಾರಿಯಾಗ ಅಳದು, ಹಾಲು ಕುಡದ ಮ್ಯಾಲ."

"ಹಾಲ ಕುಡೀಲಿಲ್ಲಂದ್ರ? ವಾಂತಿ ಮಾಡಿದ್ರ?"

"ಎರಡನೇದು ಕೊಡಬಾರದು. ಫೋನ್ ಮಾಡಬೇಕು."

ಊರಿಗೆ ಬಂದ ಕೆಲವು ವಾರಗಳಲ್ಲಿ ಒಂದು ಬೆಳಗ್ಗೆ ಆಯಿ ನೀರು ಹೊಯ್ಯುತ್ತಿದ್ದಂತೆ ಶ್ರಾವಣಿ ಬಾಯಿ ಅಗಲಿಸಿ ಚೀರಿದಳು. ಸ್ವಚ್ಛ, ಗಟ್ಟಿ ದನಿ. ಆಯಿಯ ಕೈಯಿಂದ ತಂಬಿಗೆ ಜಾರಿತು. ಎದುರು ಮನೆಯ ಹೆಂಗಸರು ಏನಾಯಿತೋ ಎಂದು ಓಡಿ ಬಂದರೆ, ಇಲ್ಲಿ ಅವ್ವ ಬಚ್ಚಲ ಬಾಗಿಲಲ್ಲಿ ಕೂತು ನಗುತ್ತ ಅಳುತ್ತಿದ್ದಳು. ಅವರ ಕೈಗೆಲ್ಲ ಆಯಿ ಸಕ್ಕರೆ ಹಾಕಿದಳು.

ಎಲ್ಲ ನೇರವಾಗಿ ಸಾಗಲಿಲ್ಲ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ನಾವೂ ಸಜ್ಜೆ ಕಡುಬು, ಜೋಳದ ಬಾನ, ಹಸಿಕಾಳು ಸೊಪ್ಪು ಎಲ್ಲ ಕೂಡಿಸಿ ಮಾಡಿದ ಭಜ್ಜಿ ಹೊತ್ತು ಹೋಗಿದ್ದೆವು. ಭೂಮಿತಾಯಿಗೆ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲಿ, ಬೇವಿನ ಮರದ ಕೆಳಗೆ ಬಳಗವೆಲ್ಲ ಊಟಕ್ಕೆ ಕೂತಿತ್ತು. ಶ್ರಾವಣಿಗೆ ಬೆಳಗಿನಿಂದ ಭೇದಿ. ಕುಡಿದ ಹಾಲೆಲ್ಲ ಕಕ್ಕಿದ್ದಳು, ಆಮೇಲೆ ಮೊಲೆಗೆ ಬಾಯಿ ಹಚ್ಚಿರಲಿಲ್ಲ. ಅವ್ವ ಬಡಿಸುತ್ತಿದ್ದಳು. ಔಷಧಿಯ ಹೊತ್ತಾಯಿತೆಂದು ಆಯಿ ಪಿಚಕಾರಿ ತುಂಬಿದಳು.

"ಆಯಿ, ಹಾಲ ಕುಡದಿಲ್ಲ. ಕೊಡಬಾರದು."

"ಹಾಲಂತೂ ಹೋಗಿಲ್ಲ, ಔಷಧಾನರ ಹೊಟ್ಟೀಗಿ ಹೋಗ್ಲಿ. ಅತ್ತಾಗ ಸರಿ ಬೇ."

ಆಯಿಯ ಮಾತಿನಲ್ಲಿ ನ್ಯಾಯವಿತ್ತು, ಪ್ರೀತಿಯಿತ್ತು. ಆದರೂ ನಾನು ಪಿಚಕಾರಿ ಕಸಿದುಕೊಂಡು ಎಲ್ಲವನ್ನೂ ಎರೆಮಣ್ಣಿಗೆ ಚಿಮ್ಮಿಸಿಬಿಟ್ಟೆ. ಬಳಗದವರ ಮುಂದೆಯೇ ಆಯಿ ನನ್ನ ಕಪಾಳಕ್ಕೆ ಹೊಡೆದಳು. ಅದಕ್ಕೂ ಮುಂಚೆ, ಅದರ ನಂತರ, ಆಯಿ ನನ್ನ ಮೇಲೆ ಕೈ ಎತ್ತಿದವಳಲ್ಲ.

ಗದ್ದಲಕ್ಕೆ ಅಪ್ಪ ಎದ್ದು ಬಂದ. ಕೂಸಿನ ಹಣೆಯಲ್ಲಿ ಬೆವರು, ಕೈ ಮುಟ್ಟಿದರೆ ತಣ್ಣಗೆ. ಸಿಗ್ನಲ್ ಸಿಗುವ ಬದುವಿನ ಮೇಲೆ ಓಡಿ ವಾರ್ಡಿಗೆ ಫೋನ್ ಹಚ್ಚಿದ. ಅಲ್ಲಿಂದಲೇ ಕೂಗಿ ಕೇಳಿದ, "ಔಷಧ ಕೊಟ್ಟೀರೇನು?"

"ಇಲ್ಲ!" ಎಂದೆ ಅಳುತ್ತಲೇ.

ಫೋನಿನವರು ಕೊಡಲೇಬೇಡಿ, ಹತ್ತಿರದ ಆಸ್ಪತ್ರೆಗೆ ಈಗಲೇ ಒಯ್ಯಿರಿ ಎಂದರಂತೆ. ಕಡುಬು ಬುಟ್ಟಿಯಲ್ಲೇ ಉಳಿದವು. ಆಳಂದದಲ್ಲಿ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿ, ಸಕ್ಕರೆ ಇಳಿದಿದೆ ಎಂದು ಕೂಡಲೇ ನಳಿಗೆಯಲ್ಲಿ ಗ್ಲೂಕೋಸ್ ಏರಿಸಿದರು. ಇಳಿಹೊತ್ತಿಗೆ ಶ್ರಾವಣಿ ಕಣ್ಣು ಬಿಟ್ಟು ಅವ್ವನ ಎದೆ ಹುಡುಕಿದಳು.

ಮರುದಿನ ಕಲಬುರಗಿಗೆ ಹೋದಾಗ ಆಯಿಯೂ ಹಟ ಹಿಡಿದು ಬಂದಳು. ಡಾಕ್ಟರ್ ಬಾಯಿ ಎಲ್ಲ ಕೇಳಿ, "ಹಸದ ಹೊಟ್ಟ್ಯಾಗ ಅದನ್ನ ಕೊಟ್ಟಿದ್ರ ಸಕ್ಕರಿ ಇನ್ನೂ ಇಳೀತಿತ್ತು. ಯಾರ ತಡದ್ರು?" ಎಂದರು. ಅಪ್ಪ ಏನೋ ಹೇಳುವಷ್ಟರಲ್ಲಿ ಆಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ತಪ್ಪು ನಂದ್ರಿ ಬಾಯಾರೆ. ಈ ಹುಡುಗಿ ಖರೇ ಹೇಳಿದ್ಲು. ನಾ ಕೇಳ್ಲಿಲ್ಲ, ಮ್ಯಾಲ ಹೊಡದೆ. ಮೊದಲೂ ಅಷ್ಟ, ಕೂಸು ಅಳವಲ್ದು ಅಂದ್ರ ಶಾಣ್ಯಾ ಅಂತ ಊರೆಲ್ಲ ಹೇಳ್ಕೊಂತ ತಿರಗಿದೆ."

ಹಾಗೆಂದು, ಅಷ್ಟು ಜನರ ನಡುವೆ, ನನ್ನ ಕೆನ್ನೆಯ ಮೇಲೆ ಕೈ ಇಟ್ಟಳು. ಎಣ್ಣೆ ತಿಕ್ಕಿ ತಿಕ್ಕಿ ಮೆತ್ತಗಾಗಿದ್ದ ಕೈ.

ಮುಂದಿನ ಒಂದೊಂದು ಭೇಟಿಯಲ್ಲೂ ಗಂಟುಗಳು ಸಣ್ಣವಾಗುತ್ತ ಹೋದವು. ಅವು ಸಣ್ಣವಾದಂತೆ ಗುಳಿಗೆಯ ಪ್ರಮಾಣವೂ ಇಳಿಯಿತು. ಶ್ರಾವಣಿ ಓಡಾಡುವ ಹೊತ್ತಿಗೆ ಎರಡೂ ಔಷಧಿಗಳು ನಿಂತವು. ಈಗವಳು ಹತ್ತನೆಯ ತರಗತಿ, ಖೋಖೋ ತಂಡದಲ್ಲಿದ್ದಾಳೆ. ಇದೆಲ್ಲ ಅವಳಿಗೆ ಯಾರದೋ ಕಥೆ. ಇರಲಿ, ಅವಳಿಗೆ ನೆನಪಿಲ್ಲದಿರುವುದೇ ನಮ್ಮ ಭಾಗ್ಯ. ಶಾಂತಕ್ಕ ಇನ್ನೂ ಊರಲ್ಲಿದ್ದಾಳೆ, ಹೋದಾಗೆಲ್ಲ ಕಾಲು ಮುಟ್ಟುತ್ತೇನೆ. ಡಾಕ್ಟರ್ ಬಾಯಿ ವರ್ಗವಾಗಿ ಎಲ್ಲಿಗೋ ಹೋದರು. ಒಮ್ಮೆಯೂ ಸರಿಯಾಗಿ ಧನ್ಯವಾದ ಹೇಳಲಿಲ್ಲ ಎಂಬ ಕೊರತೆ ಉಳಿದಿದೆ.

ಆಯಿ ಹೋಗಿ ಮೂರು ವರ್ಷವಾಯಿತು. ನಾನೀಗ ಜೇವರ್ಗಿ ಕಡೆಯ ಅಂದೋಲಾದಲ್ಲಿ ಶಾಲಾ ಶಿಕ್ಷಕಿ. ಮೊನ್ನೆ ಬೋರ್ಡಿನ ಮೇಲೆ ನಾನು ಬಿಡಿಸಿದ ಲೆಕ್ಕ ತಪ್ಪೆಂದು ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ತಪ್ಪಾಗಿತ್ತು. ಒಪ್ಪಿಕೊಳ್ಳುವ ಮುಂಚೆ ನಾನು ಸೀಮೆಸುಣ್ಣ ಹುಡುಕಿದೆ, ಗಂಟಲು ಸರಿಮಾಡಿಕೊಂಡೆ, ಕಿಟಕಿಯ ಕಡೆ ನೋಡಿದೆ. ಓದು ಬರಹ ಬಾರದ, ಮನೆಗೆ ಹಿರಿಯಳಾದ ಆಯಿಗೆ ಅಂದು ಡಾಕ್ಟರ್ ಬಾಯಿಯ ಮುಂದೆ ಇದ್ಯಾವುದೂ ಬೇಕಾಗಿರಲಿಲ್ಲ. ಅಷ್ಟು ದೊಡ್ಡವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.