ಕೆಂಪು ಗೆರೆ ಎಳೆಸಿಕೊಂಡ ಮಾತು

“ಮೇಡಮ್, ನಾವು ಮಾತಾಡೋದೆಲ್ಲಾ ತಪ್ಪೇನ್ರಿ?”

ಸುರಪುರದ ನನ್ನ ಕಂಪ್ಯೂಟರ್ ತರಗತಿಯಲ್ಲಿ ಹೀಗೆ ಕೇಳಿದವರು ಕಕ್ಕೇರಾದ ಅಂಗನವಾಡಿ ಸಹಾಯಕಿ ಮಲ್ಲಮ್ಮ. ಯಾದಗಿರಿಯ ಹಾಸ್ಟೆಲಿನಲ್ಲಿರುವ ಮಗಳಿಗೆ ಮೊದಲ ಸಲ ಪತ್ರ ಟೈಪ್ ಮಾಡುತ್ತಿದ್ದರು. ‘ಕಾಲುವಿಗೆ ನೀರು ಬಂದದ, ನಿನ್ನ ನೆನಪು ಬಾಳ ಆಗಾಕತ್ತದ’ ಎಂಬ ಸಾಲಿನ ಅರ್ಧದಷ್ಟು ಪದಗಳಿಗೆ ತಪ್ಪೆಂದು ಕಂಪ್ಯೂಟರ್ ಕೆಂಪು ಗೆರೆ ಎಳೆದಿತ್ತು.

ನಾವು ಬಳಸುವುದು ಮುಕ್ತ ತಂತ್ರಾಂಶ. ಕಾಗುಣಿತದ ತಪ್ಪು ಹುಡುಕಲು ಅದು ಬಳಸುವ ಪದಕೋಶಕ್ಕೆ ಯಾರು ಬೇಕಾದರೂ ಪದ ಕಳಿಸಬಹುದು. ಅಂದೇ ನಮ್ಮ ಕಡೆಯ ಒಂದಿಷ್ಟು ಪದ ಕಳಿಸಿದೆ. ಪದಕೋಶ ನೋಡಿಕೊಳ್ಳುವ ಸ್ವಯಂಸೇವಕರೊಬ್ಬರು, ‘ಇವು ಆಡುಮಾತು, ಬರವಣಿಗೆಯಲ್ಲಿ ಇಲ್ಲ’ ಎಂದು ಉತ್ತರಿಸಿದರು. ಓದಿ ಹೇಳಿದಾಗ ಮಲ್ಲಮ್ಮ, “ಬರಿಯೋ ಮಂದಿ ಈಗ ಬಂದೀವಿ ಅಂತ ಹೇಳ್ರಿ” ಅಂದರು.

ಆ ಮಾತನ್ನು ಅವರ ಹೆಸರಿನೊಂದಿಗೆ ಹಾಗೇ ಬರೆದು ಕಳಿಸಿದೆ. ವಾರದೊಳಗೆ ಎಲ್ಲ ಪದಗಳೂ ಸೇರಿದವು. ಜೊತೆಗೆ, ‘ಮಲ್ಲಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ’ ಎಂಬ ಒಂದು ಸಾಲೂ ಬಂತು.

ತರಗತಿಯಲ್ಲಿ ಇಷ್ಟು ವರ್ಷ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದ ನಾನು, ಮರುದಿನ ಮನೆಯಲ್ಲಿ ಮಾತಾಡುವ ಹಾಗೆಯೇ ಪಾಠ ಮಾಡಿದೆ. ದಿನಾ ‘ಇನ್ನೊಮ್ಮೆ ಹೇಳ್ರಿ’ ಅನ್ನುತ್ತಿದ್ದವರಲ್ಲಿ ಅಂದು ಯಾರೂ ಹಾಗೆ ಅನ್ನಲಿಲ್ಲ.